ಟ್ಯೂಬ್ ಪ್ರೀಆಂಪ್ ತರುವ ಮುಂಚೆ ಜಾತಕ ನೋಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆ. ಅಪ್ಪ ಕೂಡಿಟ್ಟ ಎಲ್‌ಪಿಗಳಿವೆ, ಎಂಎಂ ಕಾರ್ಟ್ರಿಜ್ (ಮೂವಿಂಗ್ ಮ್ಯಾಗ್ನೆಟ್ ಬಗೆಯ, ಮುಳ್ಳು ಕೂರುವ ತಲೆ) ಇರುವ ರೆಕಾರ್ಡ್ ಪ್ಲೇಯರ್ ಇದೆ. ಫೋನಿನ ಹಾಡಿಗೆ ಒಂದು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಹೊಂದುವ ಸಿಗ್ನಲ್ ಮಾಡುವ ಪೆಟ್ಟಿಗೆ) ಇಟ್ಟುಕೊಂಡಿದ್ದೇನೆ. ಪವರ್ ಆಂಪ್ (ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಟ್ರಾನ್ಸಿಸ್ಟರಿನದು. ಅದರ ಪುಸ್ತಕದಲ್ಲಿ ಇನ್‌ಪುಟ್ 10 ಕಿಲೋ ಓಮ್, ಪೂರ್ತಿ ಪವರ್‌ಗೆ 1.2 ವೋಲ್ಟ್ ಅಂತ ಇದೆ. ಈಗ ಟ್ಯೂಬ್ (ಗಾಜಿನ ವಾಲ್ವ್) ಪ್ರೀಆಂಪ್ ಹಾಕುವ ಆಸೆ. ಎರಡು ಕಣ್ಣಿಗೆ ಬಿದ್ದಿವೆ: ಜಪಾನಿನಿಂದ ಬಂದ 100 ವೋಲ್ಟಿನ ಹಳೇ ಸೆಟ್ ಒಂದು, ಬೆಂಗಳೂರಿನಲ್ಲಿ ಒಬ್ಬರು ಕೈಯಿಂದಲೇ ಜೋಡಿಸಿ ಕೊಡುವ ಹೊಸದೊಂದು. ಯಾವುದು ತರಲಿ ಸರ್? ನಮ್ಮಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಮಳೆಗಾಲದ ಥಂಡಿ ಬೇರೆ. ತಾತನ ವಾಲ್ವ್ ರೇಡಿಯೋದ ಟ್ಯೂಬ್‌ಗಳು ಇದಕ್ಕೆ ಆಗುತ್ತವಾ?

ಉತ್ತರ:

ಈ ವಿಷಯ ಕೇಳುವವರು ಸಾಮಾನ್ಯವಾಗಿ 'ಯಾವ ಕಂಪನಿ ಒಳ್ಳೇದು, ಯಾವ ಟ್ಯೂಬ್ ಇಂಪು' ಅಂತ ಶುರು ಮಾಡುತ್ತಾರೆ. ನೀವು ಪವರ್ ಆಂಪಿನ ಪುಸ್ತಕ ಹುಡುಕಿ ಎರಡು ಅಂಕಿ ಬರೆದು ಕಳಿಸಿದ್ದೀರಿ. ಅಲ್ಲಿಗೆ ಅರ್ಧ ಕೆಲಸ ಆಯಿತು. ಪ್ರೀಆಂಪ್ ಅಂದರೆ ಹಾಡಿನ ಮೂಲಕ್ಕೂ ಪವರ್ ಆಂಪಿಗೂ ನಡುವೆ ಕೂತು ಸಿಗ್ನಲ್, ವಾಲ್ಯೂಮ್ ಹೊಂದಿಸುವ ಪೆಟ್ಟಿಗೆ. ಅದು ಒಂಟಿಯಾಗಿ ಬಾಳುವುದಿಲ್ಲ. ಅದರ ಹಿಂದೆ ಏನಿದೆ, ಮುಂದೆ ಏನಿದೆ ಅಂತ ನೋಡಿ ಜಾತಕ ಕೂಡಿಸಬೇಕು. ಕೂಡಿ ಬರದಿದ್ದರೆ ಎರಡು ಲಕ್ಷದ ಸೆಟ್ಟೂ ಸಪ್ಪೆ.

ಮೊದಲು ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಬೆಳೆಯುತ್ತದೆ ಅನ್ನುವ ಲೆಕ್ಕ. ಬಹುತೇಕ ಡ್ಯಾಕ್‌ಗಳು, ಸಿಡಿ ಪ್ಲೇಯರ್‌ಗಳು 2 ವೋಲ್ಟ್‌ವರೆಗೆ ಸಿಗ್ನಲ್ ಕೊಡುತ್ತವೆ. ನಿಮ್ಮ ಪವರ್ ಆಂಪಿಗೆ ಬೇಕಾದದ್ದು 1.2. ಅಂದರೆ ಡ್ಯಾಕ್‌ನಿಂದ ಬರುವುದನ್ನು ಹೆಚ್ಚಿಸುವ ಮಾತೇ ಇಲ್ಲ, ತಗ್ಗಿಸಬೇಕು! ಈಗ ಟ್ಯೂಬ್ ಕಡೆ ನೋಡಿ. 12ಎಯು7 ಟ್ಯೂಬಿನ ಒಂದೇ ಒಂದು ಹಂತ ಹಾಕಿದರೂ ಸಿಗ್ನಲ್ ಸುಮಾರು 14-15 ಪಟ್ಟು ಆಗುತ್ತದೆ. 12ಎಎಕ್ಸ್7 ಹಾಕಿದರೆ 50-60 ಪಟ್ಟು. ಇದನ್ನು ಹಾಗೇ ಪವರ್ ಆಂಪಿಗೆ ಕೊಟ್ಟರೆ ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲಿ ಮನೆ ಅದುರುತ್ತದೆ. ಇನ್ನೊಂದು ತೊಂದರೆ ಏನೆಂದರೆ, ವಾಲ್ಯೂಮ್ ಕಂಟ್ರೋಲ್‌ನ ಆ ತಳದ ಭಾಗದಲ್ಲೇ ಎಡ-ಬಲ ಎರಡೂ ಸಮ ಇರುವುದಿಲ್ಲ. ಹಾಡುವವರು ನಡುವೆ ಕೂರುವ ಬದಲು ಒಂದು ಸ್ಪೀಕರಿನ ಕಡೆ ವಾಲುತ್ತಾರೆ. ರಾತ್ರಿ ಮೆಲ್ಲಗೆ ಕೇಳುವಾಗ ಇದು ಜಾಸ್ತಿ ಗೊತ್ತಾಗುತ್ತದೆ. ಸಿಗ್ನಲ್ ಜೊತೆ ಟ್ಯೂಬಿನ 'ಸ್‌ಸ್' ಸದ್ದೂ ಅಷ್ಟೇ ಪಟ್ಟು ಬೆಳೆದು ಬರುತ್ತದೆ.

ನಿಮ್ಮ ಲೈನ್ ಹಂತಕ್ಕೆ (ಡ್ಯಾಕ್, ರೆಕಾರ್ಡ್ ಪ್ಲೇಯರ್ ಎಲ್ಲದರ ಸಿಗ್ನಲ್ಲೂ ಹಾದು ಪವರ್ ಆಂಪಿಗೆ ಹೋಗುವ ಭಾಗ) ಎರಡರಿಂದ ನಾಲ್ಕು ಪಟ್ಟು, ಅಂದರೆ 6ರಿಂದ 12 ಡೆಸಿಬೆಲ್ ಧಾರಾಳ ಸಾಕು. ಜೋಡಿಸುವವರನ್ನು ನೇರವಾಗಿ ಕೇಳಿ: 'ಗೇನ್ ಎಷ್ಟು ಡೆಸಿಬೆಲ್?' ಇಪ್ಪತ್ತರ ಮೇಲೆ ಹೇಳಿದರೆ, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಪಾಲನ್ನು ಹಿಂದಕ್ಕೆ ಕೊಟ್ಟು ಗೇನ್ ತಗ್ಗಿಸುವ ಉಪಾಯ) ಹಾಕಿ ಇಳಿಸಿಕೊಡಲು ಹೇಳಿ. ಅಂಕಿಯೇ ಗೊತ್ತಿಲ್ಲ, 'ಕೇಳಿ ನೋಡಿ ಸರ್, ಸೂಪರಾಗಿದೆ' ಅಂದರೆ ಒಂದು ಕಾಫಿ ಕುಡಿದು ಎದ್ದು ಬನ್ನಿ.

ಎರಡನೆಯದು ಆ 10 ಕಿಲೋ ಓಮ್. ಅದು ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಒಡ್ಡುವ ತಡೆಯ ಅಳತೆ. ಜನ ಎಡವುವುದು ಇಲ್ಲೇ. ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ ಅಂದರೂ ಹತ್ತು ಪಟ್ಟು ಇರಬೇಕು ಅನ್ನುವುದು ಹಳೇ ಲೆಕ್ಕ. ಟ್ಯೂಬ್ ಕಾಲದ ಪವರ್ ಆಂಪ್‌ಗಳಲ್ಲಿ ಇನ್‌ಪುಟ್ 100 ಕಿಲೋ ಓಮ್, ಅದಕ್ಕೂ ಜಾಸ್ತಿ ಇರುತ್ತಿತ್ತು. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಮ್ಮದು ಹತ್ತೇ. ಆದ್ದರಿಂದ ನಿಮಗೆ ಬೇಕಾದ ಪ್ರೀಆಂಪಿನ ಔಟ್‌ಪುಟ್ 1 ಕಿಲೋ ಓಮ್ ಒಳಗಿರಬೇಕು. 12ಎಯು7ನ ಪ್ಲೇಟಿನಿಂದ (ಬೆಳೆದ ಸಿಗ್ನಲ್ ಹೊರಬರುವ ತುದಿ) ನೇರವಾಗಿ ಸಿಗ್ನಲ್ ತೆಗೆದರೆ ಅದು ಆರೇಳು ಕಿಲೋ ಓಮ್ ಆಗುತ್ತದೆ. ನಿಮ್ಮ ಆಂಪಿಗೆ ಕಟ್ಟಿದರೆ ಸಿಗ್ನಲಿನ ಶೇಕಡ 40ರಷ್ಟು ಅಲ್ಲೇ ಸೋರಿಹೋಗುತ್ತದೆ. ಟ್ಯೂಬ್ ಏದುಸಿರು ಬಿಡುತ್ತಾ ಧ್ವನಿಯನ್ನೂ ಕೆಡಿಸುತ್ತದೆ. ಅದಕ್ಕೇ ಕೊನೆಯಲ್ಲಿ ಕ್ಯಾಥೋಡ್ ಫಾಲೋವರ್ ಅನ್ನುವ ಹಂತ ಹಾಕುತ್ತಾರೆ. ಅದು ಸಿಗ್ನಲ್ ಬೆಳೆಸುವುದಿಲ್ಲ, ಮುಂದಿನ ಆಂಪನ್ನು ನಡೆಸುವ ಕಸುವು ಕೊಡುತ್ತದೆ. ಅದರಿಂದ ಔಟ್‌ಪುಟ್ ಐದಾರು ನೂರು ಓಮ್‌ಗೆ ಇಳಿಯುತ್ತದೆ.

ಇದರ ಜೊತೆಗೇ ಇನ್ನೊಂದು ಸಣ್ಣ ಭಾಗ ನೋಡಬೇಕು. ಪ್ರೀಆಂಪಿನ ಔಟ್‌ಪುಟ್‌ನಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಟ್ಯೂಬಿನ ಡಿಸಿ ವೋಲ್ಟೇಜ್ ಹೊರಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದು 0.47 ಮೈಕ್ರೋಫ್ಯಾರಡ್ ಇದ್ದು, ಮುಂದೆ 100 ಕಿಲೋ ಓಮ್ ಆಂಪ್ ಇದ್ದರೆ 3-4 ಹರ್ಟ್ಸ್‌ವರೆಗೂ ಬಾಸ್ ಇಳಿಯುತ್ತದೆ. ಏನೂ ತೊಂದರೆ ಇಲ್ಲ. ಅದೇ ಕೆಪಾಸಿಟರ್ ನಿಮ್ಮ 10 ಕಿಲೋ ಓಮ್ ಆಂಪಿಗೆ ಕಟ್ಟಿದರೆ 34 ಹರ್ಟ್ಸ್‌ನಲ್ಲೇ ಬಾಸ್ 3 ಡೆಸಿಬೆಲ್ ಇಳಿದಿರುತ್ತದೆ. ಮೃದಂಗದ ತೊಪ್ಪಿಯ ಆ 'ಗುಂ' ಬಡವಾಗುತ್ತದೆ. ಆಮೇಲೆ 'ಟ್ಯೂಬ್ ಅಂದ್ರೆ ಬಾಸ್ ಇಲ್ಲ ಬಿಡಿ' ಅಂತ ಟ್ಯೂಬಿಗೆ ಬಯ್ಯುತ್ತೇವೆ. ತಪ್ಪು ಟ್ಯೂಬಿನದಲ್ಲ, ಆ ಕೆಪಾಸಿಟರ್ ಮುಂದಿನ ಆಂಪಿಗೆ ಹೊಂದಲಿಲ್ಲ ಅಷ್ಟೆ. ನಿಮಗೆ 2.2 ಮೈಕ್ರೋಫ್ಯಾರಡ್ ಇಲ್ಲವೇ ಅದಕ್ಕಿಂತ ಹೆಚ್ಚಿನದು ಹಾಕಿಸಿ. ಫಿಲ್ಮ್ ಕೆಪಾಸಿಟರ್ ಆಗಿರಲಿ. ಕೈಯಿಂದ ಜೋಡಿಸಿದ್ದನ್ನು ಕೊಳ್ಳುವ ಲಾಭ ಇದೇ ಅಲ್ವಾ, ಅಳತೆಗೆ ಹೊಲಿಸಿದ ಅಂಗಿಯ ಹಾಗೆ.

ಫೋನೋ ಹಂತ, ಅಂದರೆ ರೆಕಾರ್ಡ್ ಪ್ಲೇಯರಿನ ಸಿಗ್ನಲ್ ಬೆಳೆಸುವ ಭಾಗ, ಬೇರೆಯೇ ಲೋಕ. ಎಂಎಂ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಇಲ್ಲಿ ಸುಮಾರು ನೂರು ಪಟ್ಟು, ಅಂದರೆ 40 ಡೆಸಿಬೆಲ್ ಬೇಕೇ ಬೇಕು. ಇನ್‌ಪುಟ್ 47 ಕಿಲೋ ಓಮ್ ಇರಬೇಕು. ಜೊತೆಗೆ ಆರ್‌ಐಎಎ (ರೆಕಾರ್ಡ್ ಕಂಪನಿಗಳು ಒಪ್ಪಿದ ಮಾನದಂಡ) ಲೆಕ್ಕದ ತಿದ್ದುಪಡಿ ಬೇಕು: ರೆಕಾರ್ಡ್ ಕೊರೆಯುವಾಗ ಬಾಸ್ ಕುಗ್ಗಿಸಿ, ಟ್ರೆಬಲ್ ಏರಿಸಿ ಕೊರೆದಿರುತ್ತಾರೆ, ಕೇಳಿಸುವಾಗ ತಿರುಗಾಮುರುಗಾ ಮಾಡಬೇಕು. 20 ಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 20 ಡೆಸಿಬೆಲ್ ಏರಿಸಬೇಕು. ಆ ಬಾಸ್ ಭಾಗದಲ್ಲೇ ನಮ್ಮ ಕರೆಂಟಿನ 50 ಹರ್ಟ್ಸ್ ಹಮ್ ('ಗುಂಯ್' ಅನ್ನುವ ಸದ್ದು) ಕೂತಿರುತ್ತದೆ, ಅದೂ ಜೊತೆಗೆ ಏರುತ್ತದೆ. ಆದ್ದರಿಂದ ಫೋನೋ ಹಂತದ ಟ್ಯೂಬ್‌ಗಳ ಹೀಟರಿಗೆ (ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುವ ತಂತಿ) ಎಸಿ ಬದಲು ಡಿಸಿ ಕೊಟ್ಟಿದ್ದಾರಾ ಅಂತ ಕೇಳಿ. 12ಎಎಕ್ಸ್7 ಹೆಸರು ಪಡೆದಿದ್ದು ಇಂಥ ಕಡೆಯೇ. 1950ರ ದಶಕದ ಕೊನೆಯಲ್ಲಿ ಬಂದ ಮರಾಂಟ್ಜ್ 7 ಅನ್ನುವ ಪ್ರೀಆಂಪಿನಲ್ಲಿ ಇದೇ ಟ್ಯೂಬ್ ಆರು ಇದ್ದವು. ಹಣ ಸಾಲದಿದ್ದರೆ ಈಗ ಟ್ಯೂಬ್ ಲೈನ್ ಹಂತ ಮಾತ್ರ ಮಾಡಿಸಿ, ಫೋನೋಗೆ ಒಳ್ಳೆಯ ಟ್ರಾನ್ಸಿಸ್ಟರ್ ಪೆಟ್ಟಿಗೆ ಇಟ್ಟುಕೊಳ್ಳಿ. ಎರಡನ್ನೂ ಅರೆಬರೆ ಟ್ಯೂಬಿನಲ್ಲಿ ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ನಡುವೆ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ ಅಂಗೈಯಗಲದ 'ಟ್ಯೂಬ್ ಪ್ರೀಆಂಪ್'ಗಳಿವೆ. 12 ವೋಲ್ಟಿನ ಅಡಾಪ್ಟರ್, ಎರಡು ಪುಟ್ಟ ಟ್ಯೂಬ್, ಅವುಗಳ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ. ನಿಜವಾದ ಹೀಟರ್ ಅಷ್ಟು ಝಗಮಗಿಸುವುದಿಲ್ಲ. ನೋಡಲು ದೀಪಾವಳಿ ಇದ್ದ ಹಾಗಿರಲಿ ಅಂತ ಎಲ್‌ಇಡಿ. 12ಎಯು7ನಂಥ ಟ್ಯೂಬ್‌ಗಳಿಗೆ ಸಾಮಾನ್ಯವಾಗಿ 200-300 ವೋಲ್ಟ್ ಸಪ್ಲೈ ಇಟ್ಟು ಸರ್ಕ್ಯೂಟ್ ಮಾಡುತ್ತಾರೆ. ಈ ಪೆಟ್ಟಿಗೆಗಳಲ್ಲಿ ಅದರ ಕಾಲು ಭಾಗವೂ ಇರುವುದಿಲ್ಲ. ಮಕ್ಕಳು ಆಸೆಪಟ್ಟರೆ ಕೊಡಿಸಿ, ಆದರೆ 'ಟ್ಯೂಬ್ ಧ್ವನಿ ಹೀಗೇ' ಅಂತ ಅದನ್ನು ಕೇಳಿ ತೀರ್ಮಾನ ಮಾಡಬೇಡಿ. ಹಾಗೆಯೇ, ಟ್ಯೂಬ್ ಅಂದರೆ ಬೆಣ್ಣೆ ಸವರಿದ ಧ್ವನಿ ಅನ್ನುವುದೂ ಪೂರ್ತಿ ನಿಜವಲ್ಲ. ಒಳ್ಳೆಯ ಟ್ಯೂಬ್ ಪ್ರೀಆಂಪ್ ಹಾಡಿಗೆ ತನ್ನದೇನೂ ಬೆರೆಸದೆ ಸುಮ್ನೆ ಇರುತ್ತದೆ. ಎಲ್ಲ ಹಾಡೂ ಒಂದೇ ಥರ ಮೆತ್ತಗೆ ಕೇಳಿದರೆ ಅಲ್ಲೆಲ್ಲೋ ಲೆಕ್ಕ ತಪ್ಪಿದೆ ಅಂತ ನನ್ನ ಅನುಮಾನ.

ಈಗ ಜಪಾನಾ, ಬೆಂಗಳೂರಾ? ಬೆಂಗಳೂರಿನದೇ ತನ್ನಿ ಅನ್ನುತ್ತೇನೆ. ಜಪಾನಿನ ಹಳೇ ಸೆಟ್‌ಗಳ ಕೆಲಸ ನೋಡಲು ಚೆಂದ, ಒಪ್ಪುತ್ತೇನೆ. ಆದರೆ 230ರಿಂದ 100 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಯಾರೋ ಮರೆತು ನೇರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕಥೆ ಮುಗೀತು. ತೋಟದ ಮನೆಯಲ್ಲಿ ಬಂದು ಹೋಗುವವರು ಜಾಸ್ತಿ, ಗುಡಿಸುವಾಗ ಪ್ಲಗ್ ಕಿತ್ತು ಬೇರೆ ಕಡೆ ಹಾಕುವುದು ಸಾಮಾನ್ಯ. ಜೊತೆಗೆ ಆ ಸೆಟ್‌ಗಳದು ಹೆಚ್ಚಾಗಿ ಎರಡು ಪಿನ್ನಿನ ಪ್ಲಗ್, ಅರ್ತ್ ಇರುವುದಿಲ್ಲ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಗೆ ನಲವತ್ತು-ಐವತ್ತು ವರ್ಷ ಆಗಿದ್ದರೆ ಅವನ್ನೆಲ್ಲ ಬದಲಿಸಬೇಕು. ಅಷ್ಟಾದ ಮೇಲೂ ಅದರ ಔಟ್‌ಪುಟ್ ನಿಮ್ಮ 10 ಕಿಲೋ ಓಮ್‌ಗೆ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಹೊಸದನ್ನಾದರೆ ನಿಮ್ಮ ಅಂಕಿ ಹೇಳಿ ಮಾಡಿಸಬಹುದು. ಕೆಟ್ಟರೆ ಬೆಂಗಳೂರಿಗೆ ಬಸ್ಸಿದೆ.

ಕೊಳ್ಳುವ ದಿನ ಮುಚ್ಚಳ ತೆಗೆಸಿ ನೋಡಿ. ಮುಟ್ಟಬೇಡಿ, ನೋಡಿ ಅಷ್ಟೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಹಿಡಿದು ಕೂತಿರುತ್ತದೆ. ಅದನ್ನು ಇಳಿಸಲು ಬ್ಲೀಡರ್ ರೆಸಿಸ್ಟರ್ ಹಾಕಿದ್ದೀರಾ ಅಂತ ಕೇಳಿ. ಆನ್ ಮಾಡಿದ ಮೇಲೆ ಅರ್ಧ ನಿಮಿಷ ಔಟ್‌ಪುಟ್ ತಡೆದಿಡುವ ರಿಲೇ ಇದೆಯಾ ಅಂತಲೂ ಕೇಳಿ. ಅದಿಲ್ಲದಿದ್ದರೆ ಟ್ಯೂಬ್ ಬಿಸಿಯಾಗುವ ಹೊತ್ತಿನಲ್ಲಿ ಒಂದು 'ಧಡ್' ಸ್ಪೀಕರಿಗೆ ಹೋಗುತ್ತದೆ. ನಾನೇ ಒಮ್ಮೆ ಅವಸರದಲ್ಲಿ ಪವರ್ ಆಂಪ್ ಮೊದಲು ಹಾಕಿ ಆಮೇಲೆ ಪ್ರೀಆಂಪ್ ಹಾಕಿದೆ. ಎಡಗಡೆಯ ಊಫರ್ ಕೋನ್ ಮುಂದಕ್ಕೆ ಜಿಗಿದಿದ್ದು ಕಣ್ಣಾರೆ ನೋಡಿದೆ, ಕಾಯಿಲ್ ಕೆರೆಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಹಾಕುವಾಗ ಪ್ರೀಆಂಪ್ ಮೊದಲು, ಪವರ್ ಆಂಪ್ ಕೊನೆಗೆ. ಆರಿಸುವಾಗ ಪವರ್ ಆಂಪ್ ಮೊದಲು. ಮನೆಯವರಿಗೆಲ್ಲ ಹೇಳಿಕೊಡಿ.

ನಿಮ್ಮೂರಿನ ಕರೆಂಟಿನ ವಿಷಯಕ್ಕೆ ಬರೋಣ. ನಾನಿರುವುದು ಹಾಸನದ ಪೇಟೆಯಲ್ಲಿ, ಆದರೂ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಗೆ ಆಂಪ್ ರಿಪೇರಿಗೆ ಸಾಕಷ್ಟು ಓಡಾಡಿದ್ದೇನೆ. ಲೈನಿನ ತುದಿಯಲ್ಲಿರುವ ಮನೆ, ಪಕ್ಕದಲ್ಲೇ ಪಂಪ್‌ಸೆಟ್ ಅಂದರೆ ಸಂಜೆ 190, ನಡುರಾತ್ರಿ 260 ಕಂಡರೂ ಆಶ್ಚರ್ಯ ಇಲ್ಲ. ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬೇಕು, ಹತ್ತು ಶೇಕಡ ಆಚೆ-ಈಚೆ ತಡೆದುಕೊಳ್ಳುತ್ತದೆ. ರೆಗ್ಯುಲೇಟರ್ ಇಲ್ಲದ ಸೆಟ್‌ನಲ್ಲಿ 190ಕ್ಕೆ ಅದು 5.2 ಆಗುತ್ತದೆ, 260ಕ್ಕೆ 7.1. ಎರಡೂ ಟ್ಯೂಬಿನ ಆಯಸ್ಸು ತಿನ್ನುತ್ತವೆ. ಆದ್ದರಿಂದ ಹೀಟರ್, ಹೈ ವೋಲ್ಟೇಜ್ ಎರಡಕ್ಕೂ ರೆಗ್ಯುಲೇಟರ್ ಇರುವ ಸೆಟ್ ಮಾಡಿಸಿ. ಅದರ ಜೊತೆಗೆ ಒಂದು ಸರ್ವೋ ಸ್ಟೆಬಿಲೈಸರ್ (ಮೋಟಾರಿನಿಂದ ನಯವಾಗಿ ವೋಲ್ಟೇಜ್ ಹೊಂದಿಸುವಂಥದ್ದು) ಇಟ್ಟರೆ ಇನ್ನೂ ನೆಮ್ಮದಿ. ರಿಲೇ ಸ್ಟೆಬಿಲೈಸರ್ ಬೇಡ, ಅದು 'ಟಕ್' ಅಂದಾಗೆಲ್ಲ ಸ್ಪೀಕರಿನಲ್ಲೂ ಕೇಳಬಹುದು. ಮನೆಗೆ ಇನ್‌ವರ್ಟರ್ ಇದ್ದರೆ ಅದು ಸೈನ್ ವೇವ್‌ನದಾ ನೋಡಿ. ಸ್ಕ್ವೇರ್ ವೇವ್‌ನದಾದರೆ ಕರೆಂಟ್ ಹೋದ ಕ್ಷಣದಿಂದ ಪ್ರೀಆಂಪಿನ ಟ್ರಾನ್ಸ್‌ಫಾರ್ಮರ್ ಜೀರುಂಡೆಯ ಹಾಗೆ ಕಿರುಗುಟ್ಟುತ್ತದೆ. ಅಂಥ ಹೊತ್ತಲ್ಲಿ ಹಾಡು ನಿಲ್ಲಿಸಿ, ಮಳೆ ಸದ್ದು ಕೇಳಿ.

ಇವೆಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದದ್ದು ಅರ್ತಿಂಗ್‌ಗೆ. ಹಳೇ ತೋಟದ ಮನೆಗಳಲ್ಲಿ ಸಾಕೆಟ್ಟಿಗೆ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿ ಇದ್ದರೂ ಬೇಸಿಗೆಯಲ್ಲಿ ಒಣಗಿರುತ್ತದೆ, ಆಗಾಗ ನೀರು ಹಾಕಬೇಕು. ವೈರ್‌ಮ್ಯಾನ್ ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳತೆ ಮಾಡಿಸಿ. ನಾಲ್ಕೈದು ವೋಲ್ಟ್ ದಾಟಿದರೆ ಸರಿ ಮಾಡಿಸಿದ ಮೇಲೆಯೇ ಪ್ರೀಆಂಪ್ ತನ್ನಿ. ಹಮ್ ಬರುತ್ತದೆ ಅಂತ ಅರ್ತ್ ಪಿನ್ ಕತ್ತರಿಸುವ ಬುದ್ಧಿವಂತರಿದ್ದಾರೆ. 300 ವೋಲ್ಟ್ ಒಳಗಿಟ್ಟುಕೊಂಡ ಕಬ್ಬಿಣದ ಪೆಟ್ಟಿಗೆಗೆ ಅರ್ತ್ ತೆಗೆಯುವುದು ಜೀವದ ಜೊತೆ ಆಟ. ಮಾಡಲೇಬೇಡಿ.

ಹಮ್ ಹುಡುಕುವ ದಾರಿ ಬೇರೆ ಇದೆ. ಪ್ರೀಆಂಪಿಗೆ ಬರುವ ವೈರ್‌ಗಳನ್ನೆಲ್ಲ ತೆಗೆಯಿರಿ. ಪ್ರತಿ ಸಲ ವೈರ್ ತೆಗೆಯುವಾಗ, ಹಾಕುವಾಗ ಪವರ್ ಆಂಪ್ ಆರಿಸಿರಬೇಕು. ವೈರ್ ಇಲ್ಲದೆಯೂ 'ಗುಂಯ್' ಅಂದರೆ ಪ್ರೀಆಂಪಿನದೇ ತಕರಾರು. ಸುಮ್ಮನಾದರೆ ಒಂದೊಂದೇ ಸಿಕ್ಕಿಸಿ. ಸಕಲೇಶಪುರದ ಒಂದು ಮನೆಯಲ್ಲಿ ಎರಡು ಭಾನುವಾರ ಹೀಗೆ ಹುಡುಕಿದೆ. ಟ್ಯೂಬ್ ಬದಲಿಸಿದೆ, ಸಪ್ಲೈ ಕೆಪಾಸಿಟರ್ ಬದಲಿಸಿದೆ, ಕಾರ್ಟ್ರಿಜ್ ಬಿಚ್ಚಿದೆ. ಕೊನೆಗೆ ಮನೆಯೊಡತಿ ಟಿವಿ ಹಿಂದೆ ಗುಡಿಸಲು ಹೋಗಿ ಡಿಶ್ ವೈರ್ ಕಳಚಿದರು, ಹಮ್ ಮಾಯ! ಟಿವಿಯ ಸದ್ದನ್ನು ಆಂಪಿಗೆ ಕೊಟ್ಟಿದ್ದರು. ಹಾಗಾಗಿ ತಾರಸಿಯ ಡಿಶ್ಶಿನ ಅರ್ತ್, ಮನೆಯ ಅರ್ತ್ ಎರಡೂ ಸೇರಿ ಸುತ್ತು ಹಾಕಿದ್ದವು, ಆ ಸುತ್ತೇ ಹಮ್ ತರುತ್ತಿತ್ತು. ನೀವು ರೆಕಾರ್ಡ್ ಪ್ಲೇಯರಿನ ಸಣ್ಣ ಅರ್ತ್ ವೈರನ್ನು ಪ್ರೀಆಂಪಿನ ಹಿಂದಿನ ತಿರುಪಿಗೆ ಕಟ್ಟಲು ಮಾತ್ರ ಮರೆಯಬೇಡಿ. ಫೋನೋ ಹಮ್‌ಗೆ ಎಷ್ಟೋ ಸಲ ಕಾರಣ ಆ ಮರೆವೇ.

ಇಡುವ ಜಾಗದ ಬಗ್ಗೆ ಜಾಸ್ತಿ ಹೇಳಲ್ಲ. ಪವರ್ ಆಂಪಿನ ಮೇಲೆ ಇಡಬೇಡಿ, ಅದರ ದೊಡ್ಡ ಟ್ರಾನ್ಸ್‌ಫಾರ್ಮರ್ ಹಮ್ ತುಂಬುತ್ತದೆ. ಸ್ಪೀಕರ್ ಇಟ್ಟ ಮೇಜಿನ ಮೇಲೂ ಬೇಡ. ಕಾರಣ ತಿಳಿಯಬೇಕಾ? ವಾಲ್ಯೂಮ್ ಸ್ವಲ್ಪ ಇಟ್ಟು, ಪೆನ್ಸಿಲಿನ ರಬ್ಬರ್ ತುದಿಯಿಂದ ಟ್ಯೂಬಿನ ಗಾಜಿಗೆ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಸಣ್ಣ 'ಟಪ್' ಕೇಳಿದರೆ ಸಹಜ. ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ 'ಟಿಂಗ್‌ಗ್' ಅಂತ ಎಳೆದರೆ ಆ ಟ್ಯೂಬ್ ಮೈಕ್ ಥರ ಕೆಲಸ ಮಾಡುತ್ತಿದೆ. ಒಳಗಿನ ಗ್ರಿಡ್ (ಸಣ್ಣ ತಂತಿಯ ಜಾಲರಿ) ಸಡಿಲವಾಗಿ ಅದುರುತ್ತಿರುತ್ತದೆ. ಅಂಥದ್ದನ್ನು ಫೋನೋದಿಂದ ತೆಗೆದು ಬೇರೆ ಹಾಕಿ.

ಟ್ಯೂಬ್ ಬದಲಿಸುವಾಗ ಹೆಸರು ಸರಿಯಾಗಿ ಓದಿ. 12ಎಎಕ್ಸ್7 ಅಂದರೂ ಇಸಿಸಿ83 ಅಂದರೂ ಒಂದೇ. 12ಎಯು7 ಇಸಿಸಿ82. ಇವೆರಡರ ಕಾಲುಗಳ ಜೋಡಣೆ ಒಂದೇ ಆದರೂ ಸರ್ಕ್ಯೂಟ್ ಮಾಡಿದವರನ್ನು ಕೇಳದೆ ಅದಲು ಬದಲು ಮಾಡಬೇಡಿ. ಇಸಿಸಿ88ಕ್ಕೂ ಒಂಬತ್ತೇ ಕಾಲು, ಆದರೆ ಹೀಟರ್ ಜೋಡಣೆ ಬೇರೆ. ಇಸಿಸಿ82ರ ಜಾಗಕ್ಕೆ ಅದನ್ನು ಹಾಕಲೇಬಾರದು. ಇನ್ನು ಹೆಸರಿನ ಮೋಹ. ಇವತ್ತು ಹೊಸ ಪೆಟ್ಟಿಗೆಯಲ್ಲಿ ಬರುವ ಮುಲ್ಲಾರ್ಡ್ ಟ್ಯೂಬ್ ಹಳೇ ಇಂಗ್ಲೆಂಡಿನದಲ್ಲ, ರಷ್ಯಾದ ಸರಾತೋವ್‌ನಲ್ಲಿ ಮಾಡಿದ್ದು. ಕೆಟ್ಟದ್ದಲ್ಲ, ಆದರೆ ಹಳೇ ಹೆಸರಿಗೆ ಹಳೇ ಬೆಲೆ ಕೊಡಬೇಡಿ. ಸ್ಲೊವಾಕಿಯಾದ ಜೆಜೆ ಟ್ಯೂಬ್‌ಗಳಲ್ಲಿ ಶುರು ಮಾಡಿ. ಇಂಥ ಸಣ್ಣ ಟ್ಯೂಬ್‌ಗಳು 5,000 ಗಂಟೆ ಬಾಳಿದರೆ, ದಿನಕ್ಕೆ ಮೂರು ಗಂಟೆ ಕೇಳುವವರಿಗೆ ನಾಲ್ಕು ವರ್ಷದ ಮೇಲೆ ಬರುತ್ತವೆ. ಆರು ತಿಂಗಳು ಕೇಳಿ ಆಮೇಲೆ ಬೇರೆ ಟ್ಯೂಬಿನ ಹುಚ್ಚು ಹಚ್ಚಿಕೊಳ್ಳಿ.

ಥಂಡಿಗೆ ದೊಡ್ಡ ಮದ್ದು ಬಳಕೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಒಂದೆರಡು ಗಂಟೆ ಹಾಕಿದರೆ ಸೆಟ್ ತನ್ನ ಬಿಸಿಗೆ ತಾನೇ ಒಣಗುತ್ತದೆ. ತಿಂಗಳಿಗೊಮ್ಮೆ ಎಲ್ಲ ಆರಿಸಿ, ಹಿಂದಿನ ಪ್ಲಗ್‌ಗಳನ್ನು ನಾಲ್ಕೈದು ಸಲ ತಿರುವಿ ಹಾಕಿ, ಕಿಲುಬು ಉಜ್ಜಿ ಹೋಗುತ್ತದೆ. ಹಾಗೆಯೇ ಬೆಚ್ಚಗಿನ ಪೆಟ್ಟಿಗೆ ಕಂಡರೆ ಮಲೆನಾಡಿನ ಇರುವೆ, ಹಲ್ಲಿಗಳಿಗೆ ಬಲು ಪ್ರೀತಿ. ನಾನು ತೆರೆದ ಒಂದು ಸೆಟ್‌ನಲ್ಲಿ ಹಲ್ಲಿ ಫ್ಯೂಸಿನ ಪಕ್ಕ ಸುಟ್ಟು ಅಂಟಿಕೊಂಡಿತ್ತು. ಗಾಳಿಕಿಂಡಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಡಿಶ್ ವೈರನ್ನೂ.

ಕೊನೆಗೆ ತಾತನ ರೇಡಿಯೋ. ಅದರಲ್ಲಿ ಇರುವುದು ಹೆಚ್ಚಾಗಿ ಇಸಿಎಚ್81, ಇಬಿಎಫ್89, ಇಎಲ್84 ಇಂಥವು. ಪ್ರೀಆಂಪಿಗೆ ಆಗುವುದಿಲ್ಲ. ಆ ರೇಡಿಯೋವನ್ನು ದಯವಿಟ್ಟು ಕೀಳಬೇಡಿ, ರೇಡಿಯೋ ಆಗಿಯೇ ಇರಲಿ. ನಿಮಗೆ ಹಳೇ ಟ್ಯೂಬ್ ಬೇಕೇ ಬೇಕು ಅಂದರೆ ಹುಡುಕುವ ಜಾಗ ಬೇರೆ. ಮದುವೆ, ಜಾತ್ರೆಗೆ ಬಾಡಿಗೆ ಕೊಡುತ್ತಿದ್ದ ಹಳೇ ಮೈಕ್ ಸೆಟ್ ಅಂಗಡಿಗಳಿವೆಯಲ್ಲ, ಅವರ ಅಟ್ಟದ ಮೇಲೆ ನೋಡಿ. ಆ ಕಾಲದ ವಾಲ್ವ್ ಆಂಪ್‌ಗಳಲ್ಲಿ ಮೈಕಿನ ಹಂತಕ್ಕೆ ಇಸಿಸಿ83 ಹಾಕುತ್ತಿದ್ದರು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅರವತ್ತರ ದಶಕದಿಂದ ವಾಲ್ವ್‌ಗಳನ್ನು ತಯಾರಿಸಿತ್ತು, ಅದರ ಗುರುತಿನವೂ ಸಿಗಬಹುದು. ಸಿಕ್ಕರೆ ಗಾಜಿನ ನೆತ್ತಿ ನೋಡಿ. ಕನ್ನಡಿಯ ಹಾಗೆ ಬೆಳ್ಳಿ ಬಣ್ಣ ಇದ್ದರೆ ಒಳಗೆ ಇನ್ನೂ ನಿರ್ವಾತ ಇದೆ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಬಿಸಾಕಿ. ಬೆಳ್ಳಿ ಬಣ್ಣದವನ್ನು ಹತ್ತಿಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟುಕೊಂಡು ಹಾಸನಕ್ಕೆ ಬಂದಾಗ ತನ್ನಿ. ನನ್ನ ಹಳೇ ಟೆಸ್ಟರ್‌ಗೆ ಹಾಕಿ ನೋಡೋಣ.